ಗುಬ್ಬಿಯ ಹೋಟೆಲಿನಲ್ಲಿ ವಿಚಾರಿಸಿದ್ದು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೆ. ವಿಶ್ವವಿದ್ಯಾನಿಲಯದವರು ನಮಗೆ ಮನಃಶಾಸ್ತ್ರ ವಿಭಾಗ ಮಂಜೂರು ಮಾಡಿದಾಗ ಅದರ ಹೊಣೆ ನನ್ನ ತಲೆಗೆ ಬಂತು. ತರ್ಕಕ್ಕೂ ಮನಸ್ಸಿಗೂ ಏನೋ ನಂಟಿರಬೇಕೆಂದು ಪ್ರಿನ್ಸಿಪಾಲರು ನಂಬಿದ್ದರು. ಮನುಷ್ಯರ ನಡುವೆ ಅಷ್ಟು ದಿನ ಬದುಕಿದ್ದ ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೂ ಸುಮ್ಮನಿದ್ದೆ. ವಿಭಾಗದ ಮುಖ್ಯಸ್ಥ ಅನ್ನಿಸಿಕೊಳ್ಳುವ ಆಸೆ ಯಾರಿಗಿರುವುದಿಲ್ಲ?

ವಿಭಾಗ ಸಿಕ್ಕಿತು, ಮೇಷ್ಟ್ರು ಸಿಗಲಿಲ್ಲ. ಆ ವಿಷಯದಲ್ಲಿ ಎಂ.ಎ. ಮಾಡಿದವರೇ ಆಗ ಅಪರೂಪ, ಮಾಡಿದವರು ಬೆಂಗಳೂರು ಬಿಟ್ಟು ಬರುತ್ತಿರಲಿಲ್ಲ. ಕೊನೆಗೆ ಬಂದದ್ದು ಎರಡೇ ಅರ್ಜಿ. ಕುಣಿಗಲ್ಲಿನವರೊಬ್ಬರು ಓದಿದ್ದು ತತ್ವಶಾಸ್ತ್ರ, ಮನಃಶಾಸ್ತ್ರ ಅದರಲ್ಲೊಂದು ಪೇಪರು ಮಾತ್ರ. ಗುಬ್ಬಿಯ ತರುಣ ನಿಜವಾಗಿ ಮನಃಶಾಸ್ತ್ರ ಓದಿದವರು. ಆಗ ಕೆಲಸವಿಲ್ಲದೆ, ಮನೆಯ ಜಗಲಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿ ತಾಯಿಯನ್ನು ಸಾಕುತ್ತಿದ್ದರು.

ಇಂಟರ್‌ವ್ಯೂನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಮೀಸೆ ತಿರುವಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. “ಈಗ ನನ್ನ ಮನಸ್ನಲ್ಲಿ ಏನೈತೆ, ಹೇಳಿ ನೋಡಾನ?”

“ಅದು ಶಾಸ್ತ್ರ ಹೇಳೋರ ಕೆಲ್ಸ ಸಾರ್. ನಾವು ಓದೋದು ಬೇರೆ,” ಅಂದರು ತರುಣ. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಎಷ್ಟು ಚೆನ್ನಾಗಿ ಉತ್ತರಿಸಿದರೆಂದರೆ, ಇವರ ಪಾಠಕ್ಕೆ ನಾನೂ ಹಿಂದಿನ ಬೆಂಚಿನಲ್ಲಿ ಕೂರಬೇಕೆಂದುಕೊಂಡೆ.

ಆದರೆ ನಮ್ಮ ಆಡಳಿತ ಮಂಡಳಿಗೆ ಒಂದು ಪದ್ಧತಿಯಿತ್ತು. ಯಾರನ್ನೇ ತೆಗೆದುಕೊಳ್ಳುವ ಮುಂಚೆ ಅವರ ಊರಿಗೆ ಒಬ್ಬರನ್ನು ಕಳಿಸಿ, ಯಾರೆಂದು ಹೇಳಿಕೊಳ್ಳದೆ, ನಡತೆ ವಿಚಾರಿಸಿಕೊಂಡು ಬರುವುದು. ಹೆಣ್ಣು ಕೊಡುವವರು ಗಂಡಿನ ಊರಿಗೆ ಹೋಗಿ ಮಾಡುತ್ತಾರಲ್ಲ, ಹಾಗೆ. ಆ ಸಲ ಹೋದವನು ನಾನು.

ಗುಬ್ಬಿಯಲ್ಲಿ ರೈಲಿಳಿದು ಅವರ ಬೀದಿಯ ಮೂಲೆಯ ಹೋಟೆಲಿಗೆ ಹೋದೆ. ಕಾಫಿ ಕುಡಿಯುತ್ತ ಮಾಲೀಕರ ಹತ್ತಿರ ತರುಣನ ಮಾತೆತ್ತಿದೆ. ಅವರು ನನ್ನ ಪಂಚೆ, ಕೊಡೆ ನೋಡಿ, “ಹೆಣ್ಣು ನಿಮ್ದೇಯಾ ಸ್ವಾಮಿ?” ಅಂದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಅವರು ಪಕ್ಕದಲ್ಲೇ ಬಂದು ಕೂತರು. “ಹುಡ್ಗ ಚಿನ್ನದಂಥೋನು. ಆದ್ರೆ ಹೆಣ್ಣೆತ್ತೋರ ಹತ್ರ ಮುಚ್ಚಿಡಬಾರ್ದು. ಬೆಂಗಳೂರು ಹುಚ್ಚಾಸ್ಪತ್ರೇಲಿ ಆರು ತಿಂಗ್ಳು ಇದ್ದು ಬಂದವ್ನೆ. ನನ್ ಭಾವಮೈದ ಅಲ್ಲಿ ಕಣ್ಣಾರೆ ಕಂಡವ್ನೆ. ನಿಮ್ ಮಗು ಬಾಳು ಹಾಳಾಗಬಾರ್ದು, ಅದ್ಕೇ ಹೇಳ್ದೆ.” ಅಷ್ಟು ಹೇಳಿ ಕಾಫಿಗೆ ಕಾಸು ಬೇಡವೆಂದರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ನಾಡು ನಮ್ಮದು. ಇಲ್ಲಿ ಗಂಡಿನ ಮೇಲೆ ಒಂದು ಕೆಟ್ಟ ಮಾತು ಬಂತೆಂದರೆ ಅದು ನಿಜವೇ ಇರಬೇಕು ಅನ್ನಿಸಿಬಿಡುತ್ತದೆ. ತರುಣನ ಮನೆ ಅಲ್ಲಿಂದ ನಾಲ್ಕೇ ಬಾಗಿಲು. ಹೋಗಿ ಕೇಳಬಹುದಿತ್ತು. ಗಂಡನ್ನೇ ಯಾರಾದರೂ ಕೇಳುತ್ತಾರೆಯೇ ಎಂದುಕೊಂಡು ವಾಪಸು ರೈಲು ಹತ್ತಿದೆ. ದಿನಾ ಬೆಳಗ್ಗೆ ಮಕ್ಕಳಿಗೆ ಪ್ರಮಾಣವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ಪಾಠ ಮಾಡುತ್ತಿದ್ದ ಮಹಾನುಭಾವ ನಾನು!

ಮಂಡಳಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. “ಹುಚ್ಚರ ಪಾಠಕ್ಕೆ ಹುಚ್ಚನೇ ಬೇಕೇನ್ರೀ?” ಅಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಕೆಲಸ ಕುಣಿಗಲ್ಲಿನವರಿಗೆ ಹೋಯಿತು. ನಮ್ಮ ಕಚೇರಿಯ ಗುಮಾಸ್ತರೊಬ್ಬರು ಗುಬ್ಬಿಯಿಂದ ದಿನಾ ಓಡಾಡುತ್ತಿದ್ದರು, ಹಾಗಾಗಿ ಮಂಡಳಿಯ ಮಾತು ಅದೇ ಸಂಜೆ ಗುಬ್ಬಿ ಸೇರಿತು.

ವರ್ಷ ತುಂಬುವ ಮೊದಲೇ ಕುಣಿಗಲ್ಲಿನವರು ಸರ್ಕಾರಿ ಕೆಲಸ ಸಿಕ್ಕಿತೆಂದು ಬಿಟ್ಟು ಹೋದರು. ವಿಭಾಗದ ತಪಾಸಣೆಗೆ ವಿಶ್ವವಿದ್ಯಾನಿಲಯದಿಂದ ಬಂದ ಪ್ರೊಫೆಸರು ಖಾಲಿ ಕುರ್ಚಿ ನೋಡಿ ಸಿಡುಕಿದರು. “ಗುಬ್ಬಿಯಲ್ಲೇ ನನ್ನ ಶಿಷ್ಯ ಇದಾನಲ್ರೀ! ಎಂ.ಎ. ಆದ್ಮೇಲೆ ನಾನೇ ಅವನನ್ನ ಹುಚ್ಚಾಸ್ಪತ್ರೆಗೆ ಕಳ್ಸಿದ್ದೆ. ಆರು ತಿಂಗಳು ಅಲ್ಲೇ ಇದ್ದು ರೋಗಿಗಳನ್ನ ಪರೀಕ್ಷೆ ಮಾಡೋದು ಕಲ್ತು ಬಂದ. ಅಷ್ಟು ಕಲ್ತೋರು ನಿಮಗೆ ಇನ್ನೆಲ್ಲಿ ಸಿಗ್ತಾರೆ?”

ಆ ವಾರವೇ ಗುಬ್ಬಿಗೆ ಹೋದೆ, ಈ ಸಲ ನೇರ ಮನೆಗೆ. ಸಂಜೆ ಐದು ಗಂಟೆ, ಪಾಠದ ಹೊತ್ತಾಗಿದ್ದರೂ ಜಗಲಿಯಲ್ಲಿ ಒಂದು ಮಗುವೂ ಇರಲಿಲ್ಲ. ತರುಣ ಚಾಪೆ ಹಾಸಿ ಕೂರಿಸಿದರು. ಹೋಟೆಲಿನಿಂದ ಹಿಡಿದು ನನ್ನ ನಗುವಿನವರೆಗೆ ಎಲ್ಲ ಒಪ್ಪಿಸಿ, ಈಗಲಾದರೂ ಬನ್ನಿ ಎಂದು ಬೇಡಿಕೊಂಡೆ.

ಅವರು ಸಿಟ್ಟಾಗಲಿಲ್ಲ. “ನಂದೂ ತಪ್ಪಿದೆ ಸಾರ್. ಆಸ್ಪತ್ರೆ ಹೆಸರು ಹೇಳಿದ್ರೆ ಜನ ಏನಂದ್ಕೋತಾರೋ ಅಂತ ಅರ್ಜೀಲೂ ಬರೀಲಿಲ್ಲ, ಮನೇಲೂ ಹೇಳಿರ್ಲಿಲ್ಲ.” ಆಮೇಲೆ ಖಾಲಿ ಜಗಲಿಯ ಕಡೆ ಕೈ ತೋರಿಸಿ, “ಈಗ ಬರಕ್ಕಾಗಲ್ಲ. ನಿಮ್ ಕಾಲೇಜಿಗೆ ಬರೋರು ಈ ಊರ ಹುಡುಗ್ರೇ ಅಲ್ವಾ? ನಾನು ಬೋರ್ಡಿನ ಕಡೆ ತಿರುಗಿದ ತಕ್ಷಣ ನಗ್ತಾರೆ,” ಅಂದರು. ನಾನು ಎಷ್ಟು ಹೇಳಿದರೂ ಬೇಡವೆಂದು ತಲೆಯಾಡಿಸಿದರು.

ತಾಯಿ ಮಜ್ಜಿಗೆ ಕೊಟ್ಟು, ನನ್ನನ್ನು ಕಳಿಸಲು ಬೀದಿಯ ತಿರುವಿನವರೆಗೆ ಬಂದರು. ಮಗ ಹಿಂದೆ ಬರಲಿಲ್ಲವೆಂದು ತಿರುಗಿ ನೋಡಿ ಖಾತ್ರಿ ಮಾಡಿಕೊಂಡರು.

“ನೀವು ಓದ್ದೋರು, ನಿಜ ಹೇಳ್ಬುಡಿ ಸ್ವಾಮಿ. ಅವ್ನಿಗೆ ಪೂರ್ತಿ ವಾಸಿ ಆಗೈತಾ?”

“ಅವರಿಗೆ ಕಾಯಿಲೆನೇ ಇರ್ಲಿಲ್ಲಮ್ಮ. ಅಲ್ಲಿಗೆ ಕಲಿಯೋಕೆ ಹೋಗಿದ್ರು,” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಅವ್ನೂ ಹಂಗೇ ಅಂತಾನೆ. ಆದ್ರೆ ನಿಮ್ ಕಾಲೇಜ್ನೋರು ದೊಡ್ಡೋರು, ತಿಳ್ದೋರು. ಸುಮ್‌ಸುಮ್ನೆ ಬ್ಯಾಡ ಅಂತಿದ್ರಾ?”