ಸೀಳು ಬಿಟ್ಟ ಪ್ಲೇಟು

ಮಸ್ಕಿಯಲ್ಲಿ ಚಾಂದ್‌ಪಾಷಾನ ಮೈಕ್‌ಸೆಟ್ ಅಂಗಡಿಗೆ ಅಂಟಿಕೊಂಡೇ ನನ್ನ ಚಹಾದ ಹೋಟೆಲು. ಹೀಗಾಗಿ ಅವನ ಕಿರಿಕಿರಿ ನನಗೆ ಪುಕ್ಕಟೆ ಸಿಗುತ್ತಿತ್ತು. ಹಳೆಯ ಹಾಡುಗಳನ್ನು ಕಂಪನಿಯವರು ತೊಳೆದು ಬಳಿದು ಹೊಸ ಗ್ರಾಮಫೋನ್ ಪ್ಲೇಟು ಮಾಡಿ ಬಿಡುತ್ತಿದ್ದ ಕಾಲವದು, ಎಂಬತ್ತೆಂಟರ ಸುಮಾರು. ನನಗೆ ಆ ಹೊಸವು ಹಿಡಿಸಿದ್ದವು. ಸರಸರ ಸಪ್ಪಳವಿಲ್ಲ, ಪಿಟೀಲು ಬೇರೆ, ಕೊಳಲು ಬೇರೆ ಕೇಳುತ್ತಿತ್ತು.

"ಜಳಕಾ ಮಾಡಿಸಿ ಪೌಡರ್ ಹಚ್ಯಾರ, ಗೋಪಣ್ಣ. ಜೀವಾನೇ ತಗದಾರ," ಎನ್ನುತ್ತಿದ್ದ ಅವನು. ಹಳೆಯದನ್ನು ಹಚ್ಚಿ ಕೇಳಿಸುತ್ತಿದ್ದ. ಅದರಲ್ಲಿ ಹಾಡುವವನು ಉಸಿರೆಳೆದುಕೊಳ್ಳುವುದೂ ತಿಳಿಯುತ್ತಿತ್ತು, ತಬಲದ ಎಡಗೈ ಪೆಟ್ಟು ಎದೆಗೇ ಬಂದು ಬಡಿಯುತ್ತಿತ್ತು. ನನಗೂ ಒಳಗೊಳಗೆ ಹೌದೆನಿಸುತ್ತಿತ್ತು. ಬಾಯಿಬಿಟ್ಟು ಹೇಳಿದರೆ ಪುಣ್ಯಾತ್ಮ ತಲೆಯ ಮೇಲೆ ಕೂರುತ್ತಿದ್ದ, ಹೇಳಲಿಲ್ಲ.

ಒಂದು ಮಧ್ಯಾಹ್ನ ಲಿಂಗಸುಗೂರಿನ ರಾಜಾಬೀ ತನ್ನ ಮಗ ಅಲ್ಲಾಭಕ್ಷ್‌ನೊಂದಿಗೆ ಬಂದಳು. ಮಗ ಹಟ್ಟಿ ಗಣಿಯಲ್ಲಿ ಪಾಳಿ ಕೆಲಸದವನು. ಅವನು ಹೊಟ್ಟೆಯಲ್ಲಿರುವಾಗಲೇ ತಂದೆ ತೀರಿಕೊಂಡಿದ್ದ. ಆ ತಂದೆ ಒಂದು ಪ್ಲೇಟಿಗೆ ತಬಲಾ ಬಾರಿಸಿದ್ದ. ಹಾಡು ಮುಗಿದಾಗ ಅವನು ಆಡಿದ ಮಾತೂ ಅದರಲ್ಲಿದೆ ಎಂದು ತಾಯಿ ಮಗನಿಗೆ ಹೇಳುತ್ತಲೇ ಬಂದಿದ್ದಳು. ಮೊನ್ನೆ ಸಿಂಧನೂರಿನ ಮದುವೆಯೊಂದರಲ್ಲಿ ಅದೇ ಹಾಡಿನ ಹೊಸ ಪ್ಲೇಟು ಹಚ್ಚಿದ್ದರು. ಇಬ್ಬರೂ ಕಿವಿಗೊಟ್ಟು ನಿಂತರು. ಹಾಡು ಮುಗಿಯಿತು, ಮಾತು ಬರಲಿಲ್ಲ.

"ಮಗಾ ನನ್ನ ಬಿಟ್ಟು ಮುಂದ ನಡದಬಿಟ್ನ್ರೀ ಭಾಯ್," ಎಂದಳು ರಾಜಾಬೀ. "ನಾ ಇಷ್ಟು ದಿನ ಸುಳ್ಳು ಹೇಳೀನಿ ಅಂತ ತಿಳಕೊಂಡಾನ."

ಆ ಹಾಡಿನ, ಕಂಪನಿಯವರು ಕೈಯಾಡಿಸದ ಹಳೆಯ ಪ್ಲೇಟು ಚಾಂದ್‌ಪಾಷಾನ ಬಳಿ ಇತ್ತು. ಆದರೆ ಅಂಚಿನಿಂದ ನಡುವಿನ ತನಕ ಸೀಳು ಬಿಟ್ಟಿತ್ತು. ಇನ್ನೊಮ್ಮೆ ತಿರುಗಿಸಿದರೆ ಎರಡು ಹೋಳಾದೀತೆಂದು ಅರಿವೆಯಲ್ಲಿ ಸುತ್ತಿಟ್ಟಿದ್ದ, ನನಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಹಿಂದುಮುಂದು ನೋಡದೆ ಬಿಚ್ಚಿದ. ಅವನ ಮೇಲೆ ನನಗೆ ಅಷ್ಟು ಅಭಿಮಾನ ಉಕ್ಕಿದ್ದು ಅದೇ ಮೊದಲು.

ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಖಾಲಿ ಕ್ಯಾಸೆಟ್ ಹಾಕಿದ. "ಪ್ಲೇಟು ಒಡದ್ರ ಒಡೀಲಿ, ಟೇಪಿನ್ಯಾಗ ಉಳೀತದ. ಆದ್ರ ಯಾರೂ ಪಿಟ್ಟನ್ನಬ್ಯಾಡ್ರಿ, ಅದೂ ಸೇರ್ತದ. ಗೋಪಣ್ಣ, ಕೆಮ್ಮು ಬಂದ್ರ ಹೊರಗ ಹೋಗು."

ನಾನೇನು ಗೂರಲು ರೋಗಿಯೇ? ಸಿಟ್ಟು ಬಂತು, ನುಂಗಿಕೊಂಡೆ.

ಮುಳ್ಳು ಇಳಿಯಿತು. ಸೀಳು ಬಂದಾಗಲೆಲ್ಲ ಟಕ್ ಟಕ್. ರಾಜಾಬೀ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಹಾಡಿದ್ದು ಎಳೆಯ ಹುಡುಗ. ಹಾಡು ನಿಂತು, ತಬಲದ ಕೊನೆಯ ಪೆಟ್ಟಿನ ಹಿಂದೆಯೇ ಗಂಡು ದನಿಯೊಂದು ಆ ಹುಡುಗನನ್ನು ಮೆಚ್ಚಿ ನುಡಿಯಿತು: "ಶಾಭಾಸ್, ಬೇಟಾ."

"ಜೀ, ಅಬ್ಬಾ," ಎಂದುಬಿಟ್ಟ ಅಲ್ಲಾಭಕ್ಷ್.

ಚಾಂದ್‌ಪಾಷಾ ಪ್ಲೇಟು ಎತ್ತಿದರೆ ಅದು ಎರಡು ಹೋಳಾಗಿ ಕೈಗೆ ಬಂತು. ಅಲ್ಲಾಭಕ್ಷ್‌ನ ಮುಖ ಇಳಿದುಹೋಯಿತು. "ನನ್ನ ದನೀನೂ ಸೇರಿಬಿಡ್ತು. ಕೆಡಿಸಿಬಿಟ್ಟೆ, ಚಾಚಾ."

ಚಾಂದ್‌ಪಾಷಾ ಟೇಪು ಹಿಂದಕ್ಕೆ ಸುತ್ತಿ ಹಚ್ಚಿದ. ತಂದೆ ಕರೆದ, ಮಗ ಓಗೊಟ್ಟ. ರಾಜಾಬೀ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಕಣ್ಣೊರೆಸಿಕೊಂಡೆ, ನಾಚಿಕೆಯೇನಿಲ್ಲ.

ಮೇಲೆ ಬೇರೇನೂ ತುಂಬಲಾಗದಂತೆ ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಚೂರನ್ನು ಮುರಿದು, ಚಾಂದ್‌ಪಾಷಾ ಕ್ಯಾಸೆಟ್ಟನ್ನು ರಾಜಾಬೀಯ ಕೈಗಿಟ್ಟ.

"ತಗೋರಿ ಆಪಾ," ಎಂದ. "ಅಸಲಿಗಿಂತ ಇದು ಚೊಲೊ ಆಗ್ಯದ."