ಒತ್ತಕ್ಷರ ಅಳಿಸದ ಪೆನ್ನು

ಅವ್ವನ ಬಲಗೈ ಮುರಿದದ್ದು ಮಳೆಗಾಲದ ಒಂದು ಬೆಳಿಗ್ಗೆ, ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ನಾವಿರುವ ಕಟ್ಟಡ ಹಳೆಯದು. ಲಿಫ್ಟ್ ಇದೆ, ಆದರೆ ಅವ್ವನಿಗೆ ಅದರ ಮೇಲೆ ನಂಬಿಕೆಯಿಲ್ಲ. ಹಾಲಿನ ಪಾಕೀಟು ತರಲು ಇಳಿದವಳು ಒದ್ದೆ ಮೆಟ್ಟಿಲಲ್ಲಿ ಜಾರಿ, ಬೀಳುವಾಗ ಬಲಗೈ ಊರಿಬಿಟ್ಟಳು. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಡಾಕ್ಟರು ಮೊಳಕೈವರೆಗೆ ಪ್ಲಾಸ್ಟರ್ ಸುತ್ತಿ, ದಸರಾವರೆಗೆ ಈ ಕೈಗೆ ರಜೆ ಅಂದರು.

ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಾನು ಇಲ್ಲೇ ಹತ್ತಿರದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಡಿಗೆ, ಜಡೆ, ಸೀರೆ ಎಲ್ಲಕ್ಕೂ ನಾನೇ ನಿಂತೆ. ನಾನು ತಟ್ಟಿದ ರೊಟ್ಟಿ ನೋಡಿ ಅವ್ವ ನಕ್ಕಳೇ ಹೊರತು ಬೇಸರಪಡಲಿಲ್ಲ. ಅವಳಿಗೆ ಚಿಂತೆ ಇದ್ದದ್ದು ಒಂದೇ, ಪತ್ರದ್ದು. ಬಸವಕಲ್ಯಾಣದಲ್ಲಿರುವ ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಕಿವಿ ಪೂರ್ತಿ ಮಂದವಾದಾಗಿನಿಂದ ಫೋನು ಬಿಟ್ಟಿದ್ದಾಳೆ. ಮೊಬೈಲಿನಲ್ಲಿ ಬರುವ ಸಣ್ಣ ಅಕ್ಷರ ಅವಳಿಗೆ ಹಿಡಿಸುವುದಿಲ್ಲ. ಹಾಗಾಗಿ ಅಕ್ಕ ತಂಗಿಯರು ಈ ಕಾಲದಲ್ಲೂ ಕಾಗದದ ಮೇಲೆ ಬರೆದು ಅಂಚೆಗೆ ಹಾಕುತ್ತಾರೆ. ಮಳೆ, ಬೆಳೆ, ಮೊಮ್ಮಕ್ಕಳು, ಮೊಣಕಾಲು, ಉಪ್ಪಿನಕಾಯಿ ಎಲ್ಲವೂ ಅದರಲ್ಲಿರುತ್ತದೆ.

"ನೀ ಹೇಳು, ನಾ ಬರೀತೀನಿ," ಅಂದೆ.

ಅವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಬರಿ. ಅಕ್ಕಾ, ನಾ ಆರಾಮ ಅದೀನಿ. ನೀ ಆರಾಮ ಇರು."

"ಮತ್ತೇನು?"

"ಏನೂ ಹೊಳಿವಲ್ದು. ಬಾಯಿಲೆ ಹೇಳಾಕ ಕುಂತ್ರ ಅದು ಪತ್ರ ಅನ್ಸೂದೇ ಇಲ್ಲ. ಭಾಷಣ ಮಾಡಿದಂಗ ಅಕ್ಕೈತಿ. ಸಾಕು, ಹಾಕ್ಬಿಡು."

ಆ ಎರಡು ಸಾಲಿನ ಪತ್ರ ಓದಿ ದೊಡ್ಡವ್ವ ಗಾಬರಿಯಾದಳು. ತಂಗಿಗೆ ನಿಜವಾಗಿ ಏನಾಗಿದೆ, ನನ್ನಿಂದ ಮುಚ್ಚಿಡಬೇಡಿ ಎಂದು ಮಗನಿಂದ ನನಗೆ ಫೋನು ಮಾಡಿಸಿದಳು.

ಕೆಲವು ದಿನಗಳ ನಂತರ ಮಧ್ಯಾಹ್ನದ ಕ್ಲಾಸು ಬೇಗ ಮುಗಿಸಿ ಮನೆಗೆ ಬಂದೆ. ಅವ್ವ ಊಟದ ಟೇಬಲ್ಲಿನ ಮುಂದೆ ಕೂತಿದ್ದಳು. ಪ್ಲಾಸ್ಟರಿನ ಕೈಯನ್ನು ಕಾಗದ ಜಾರದಂತೆ ಅದರ ಮೇಲಿಟ್ಟು, ಎಡಗೈಯಲ್ಲಿ ಬರೆಯುತ್ತಿದ್ದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತೆ. ರೂಢಿಯಿಲ್ಲದ ಕೈಯಲ್ಲಿ ಬರೆಯುವವರ ಬೆರಳು ಹೇಗೆ ಬಿಗಿದುಕೊಳ್ಳುತ್ತದೆ, ನಾಲಿಗೆ ಹೇಗೆ ತುಟಿಗೆ ಬರುತ್ತದೆ ಎಂಬುದು ನನಗೆ ಗೊತ್ತು. ಅಂಥದ್ದೇನೂ ಅಲ್ಲಿರಲಿಲ್ಲ. ಪೆನ್ನು ನಿಧಾನವಾಗಿ, ಆದರೆ ಸಲೀಸಾಗಿ ಹೋಗುತ್ತಿತ್ತು.

ನಾನು ಹುಟ್ಟಾ ಎಡಚಿ. ಬರೆಯುವುದು, ಉಣ್ಣುವುದು, ಬೋರ್ಡಿನ ಮೇಲೆ ಲೆಕ್ಕ ಬಿಡಿಸುವುದು ಎಲ್ಲ ಎಡಗೈಯಲ್ಲೇ. ಮನೆಯಲ್ಲಿ ನಾನೊಬ್ಬಳೇ ಹೀಗೆ ಎಂದುಕೊಂಡು ಐವತ್ತು ದಾಟಿದ್ದೆ.

"ಯವ್ವಾ, ಇದು ಯಾವಾಗ ಕಲ್ತಿ?"

"ಕಲಿಯೂದೇನೈತಿ? ಇದೇ ನನ್ನ ಕೈ," ಅಂದಳು, ತಲೆ ಎತ್ತದೆ.

ಆಮೇಲೆ ಹೇಳಿದಳು. ಊರಿನ ಸಾಲಿಯಲ್ಲಿ ಮಾಸ್ತರರು ಅವಳನ್ನು ಅವಳದೇ ಎಡಗೈ ಮೇಲೆ ಕೂರಿಸುತ್ತಿದ್ದರಂತೆ. ಎಡಗೈ ತೊಡೆಯ ಕೆಳಗೆ, ಬಳಪ ಬಲಗೈಗೆ. ಕೈ ಜೋಮು ಹಿಡಿದು ಅತ್ತರೆ, ಇನ್ನೂ ಸ್ವಲ್ಪ ಹೊತ್ತು ಕೂಡು ಅನ್ನುತ್ತಿದ್ದರಂತೆ. ಮನೆಗೆ ಬಂದರೆ ಅಜ್ಜಿಯದೂ ಅದೇ ಮಾತು: ಎಡಗೈಲೆ ಉಂಡರೆ ಬೀಗರು ಏನಂದಾರು? ಒಂದು ವರ್ಷದೊಳಗೆ ಬಲಗೈಯೇ ರೂಢಿಯಾಯಿತು. "ಮುಂದ ನನಗೂ ಮರ್ತು ಹೋತು. ಈಗ ಆ ಕೈ ಕಟ್ಟಿ ಹಾಕಿದ್ಮ್ಯಾಲೆ ಈ ಕೈಗೆ ನೆನಪಾಗೈತಿ ನೋಡು."

ನಾನು ಅವಳ ಎದುರು ಕೂತು ಯೋಚಿಸಿದೆ. ಅವ್ವ ಸೂಜಿಗೆ ದಾರ ಪೋಣಿಸುವುದು ಎಡಗೈಯಲ್ಲಿ. ಕಾಯಿ ತುರಿಯುವುದು, ಕಾಗೆಗೆ ಅನ್ನ ಎಸೆಯುವುದು ಎಡಗೈಯಲ್ಲಿ. ದಿನಾ ನೋಡಿದ್ದೆ, ಆದರೂ ಗಮನಕ್ಕೆ ಬಂದಿರಲಿಲ್ಲ. ಹಾಗೇ ನನ್ನ ಒಂದನೇ ಕ್ಲಾಸು ನೆನಪಾಯಿತು. ನಾವು ಹೈದರಾಬಾದಿಗೆ ಬಂದ ಹೊಸತು. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಅಪ್ಪನ ಕೆಲಸ, ಅಲ್ಲೇ ಬಾಡಿಗೆಯ ಒಂದು ಕೋಣೆ. ಸ್ಕೂಲಿನ ಟೀಚರು ನನ್ನ ಪೆನ್ಸಿಲನ್ನು ಎಡಗೈಯಿಂದ ಕಿತ್ತು ಬಲಗೈಗೆ ಕೊಟ್ಟರು ಎಂದು ನಾನು ಅತ್ತುಕೊಂಡು ಬಂದೆ. ಮರುದಿನ ಅವ್ವ ನನ್ನ ಜೊತೆ ಬಂದಳು. ತೆಲುಗು ಬಾರದು, ಇಂಗ್ಲಿಷ್ ಬಾರದು. ತನಗೆ ಬರುವ ಹರಕು ಮುರುಕು ಹಿಂದಿಯಲ್ಲಿ, ಇಡೀ ಕ್ಲಾಸಿಗೆ ಕೇಳುವಂತೆ, "ಬಚ್ಚೀ ಕೆ ಹಾತ್ ಕೋ ಮತ್ ಛೇಡೋ" ಅಂದಳು. ಮಗುವಿನ ಕೈ ತಂಟೆಗೆ ಬರಬೇಡಿ. ಟೀಚರು ಮತ್ತೆ ನನ್ನ ಕೈ ಮುಟ್ಟಲಿಲ್ಲ. ಅಷ್ಟು ಮೆದು ಮಾತಿನ ಹೆಂಗಸು ಅವತ್ತು ಹಾಗೆ ಗುಡುಗಿದ್ದು ಯಾಕೆ ಎಂಬುದು ನನಗೆ ಆ ಟೇಬಲ್ಲಿನ ಮುಂದೆ ಕೂತಾಗ ತಿಳಿಯಿತು. ಚಹಾ ಮಾಡಿ ತಂದು ಅವಳ ಎಡಗೈ ಕಡೆಗೆ ಇಟ್ಟೆ.

ಎಡಗೈಯಲ್ಲಿ ಬರೆದ ಮೊದಲ ಪತ್ರಕ್ಕೆ ದೊಡ್ಡವ್ವನಿಂದ ಬೇಗ ಉತ್ತರ ಬಂತು. ಓದುತ್ತಾ ಅವ್ವನ ಮುಖ ಕೆಂಪಾಯಿತು. ಆಮೇಲೆ ನಗು ತಡೆಯಲಾರದೆ ಕಾಗದ ನನ್ನ ಕೈಗಿಟ್ಟಳು. "ರೊಟಿಗೆ ಬೆಣೆ ಹಚ್ಚಿಕೊಂಡು ತಿಂದೆ ಅಂತ ಬರದೀ. ನಿಮ್ಮ ಹೈದರಾಬಾದಿನಾಗ ರೊಟ್ಟಿಗೆ ಬೆಣೆ ಬಡದು ತಿಂತಾರೇನು? ನನಗ ಅಕ ಅಂತ ಯಾಕ ಕರದೀ?" ಎಂದು ದೊಡ್ಡವ್ವ ಕೇಳಿದ್ದಳು.

ಆಗಿದ್ದು ಇಷ್ಟೆ. ಅವ್ವ ನನ್ನ ಚೀಲದಲ್ಲಿದ್ದ ಯಾವುದೋ ಜೆಲ್ ಪೆನ್ನು ಎತ್ತಿಕೊಂಡು ಬರೆದಿದ್ದಳು. ಜೆಲ್ ಶಾಯಿ ಒಣಗಲು ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮ ಬರಹ ಎಡದಿಂದ ಬಲಕ್ಕೆ ಹೋಗುವಾಗ ಎಡಗೈ ಹಸಿ ಅಕ್ಷರದ ಹಿಂದೆಯೇ ಬರುತ್ತದೆ. ನಾನು ಕೈಯನ್ನು ಮೇಲಿನಿಂದ ಕೊಕ್ಕೆಯಂತೆ ಬಾಗಿಸಿ ಬರೆಯುತ್ತೇನೆ, ಆದ್ದರಿಂದ ನನ್ನದು ಅಳಿಸಿದರೆ ತಲೆಕಟ್ಟು ಅಳಿಸುತ್ತದೆ. ಅವ್ವ ಕೈಯನ್ನು ಸಾಲಿನ ಕೆಳಗಿಟ್ಟು ಬರೆಯುತ್ತಾಳೆ. ಕನ್ನಡದ ಒತ್ತಕ್ಷರಗಳು ಜೋತಾಡುವುದು ಅಲ್ಲೇ. ಅವಳ ಅಂಗೈ ಅಂಚು ಸಾಲಿನುದ್ದಕ್ಕೂ ಒತ್ತುಗಳನ್ನೆಲ್ಲ ಗುಡಿಸಿಕೊಂಡು ಹೋಗಿತ್ತು.

ನಾನು ನನ್ನ ರೂಢಿಯ ಬಾಲ್ ಪೆನ್ನು ಕೊಟ್ಟೆ. ಅದರಲ್ಲಿ ಅಳಿಸಲಿಲ್ಲ, ಆದರೆ ಅಕ್ಷರವೇ ಮೂಡಲಿಲ್ಲ. ಬಲಗೈಯವರು ಪೆನ್ನನ್ನು ಎಳೆಯುತ್ತಾರೆ, ನಾವು ತಳ್ಳುತ್ತೇವೆ. ನಾನು ಒತ್ತಿ ಬರೆಯುವವಳು, ನನಗೆ ನಡೆಯುತ್ತದೆ. ಅವ್ವನ ಹಗುರ ಕೈಯಲ್ಲಿ ಗೆರೆ ಅಲ್ಲಲ್ಲಿ ತುಂಡಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳು ನೋಯುತ್ತದೆ ಎಂದು ಕೆಳಗಿಟ್ಟು, ಮತ್ತೆ ಜೆಲ್ ಪೆನ್ನನ್ನೇ ಎತ್ತಿಕೊಂಡಳು.

ಆ ಸಂಜೆ ಮೇಲಿನ ಮನೆಯ ಟೀಚರು ಅವ್ವನನ್ನು ನೋಡಲು ಬಂದರು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಹೆಂಗಸು. ಅವ್ವನಿಗೂ ಅವರಿಗೂ ಈ ಕಡೆಯ ಆಡುಮಾತಿನ ಉರ್ದುವಾದ ದಖನಿಯಲ್ಲಿ ಮಾತು. ಒಂದು ಡಬ್ಬಿ ಖಿಚಡಿ, ಇನ್ನೊಂದರಲ್ಲಿ ಹುಣಸೆಹುಳಿಯ ಖಟ್ಟಾ ತಂದಿದ್ದರು. ಟೇಬಲ್ಲಿನ ಮೇಲಿದ್ದ ಕಾಗದ, ಅವ್ವನ ಅಂಗೈ ಅಂಚಿನ ನೀಲಿ ಪಟ್ಟೆ ನೋಡಿ, ತಮ್ಮ ಬಲಗೈ ಎತ್ತಿ ತೋರಿಸಿದರು. ಅಲ್ಲಿಯೂ ಕಿರುಬೆರಳ ಪಕ್ಕದಲ್ಲಿ ಹಾಗೇ ಒಂದು ಪಟ್ಟೆ.

"ಹಮಾರೇ ಇಧರ್ ಸೀಧೇ ಹಾತ್ ವಾಲೇಚ್ ರೋತೇ, ಅಮ್ಮಾ," ಅಂದರು. ನಮ್ಮಲ್ಲಿ ಅಳುವವರು ಬಲಗೈಯವರೇ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದಲ್ಲ, ಬಲಗೈ ಹಸಿ ಶಾಯಿಯ ಮೇಲೆ ಹರಿಯುತ್ತದೆ. ನೀವು ಉರ್ದು ಬರೆದಿದ್ದರೆ ಆರಾಮವಾಗಿ ಬರೆಯುತ್ತಿದ್ದಿರಿ ಎಂದು ನಕ್ಕರು.

ಅವ್ವ ನನ್ನ ಕಡೆ ತಿರುಗಿ, "ಹಂಗಾದ್ರ ನನ್ನ ತಪ್ಪು ಸಾಲಿಗೆ ಹಾಕಿದ್ರು ನೋಡು," ಅಂದಳು.

ಇಷ್ಟು ವರ್ಷ ಈ ಊರಿನಲ್ಲಿ ಅಂಗಡಿ ಬೋರ್ಡುಗಳ ಮೇಲೆ ಉರ್ದು ನೋಡುತ್ತಲೇ ಓಡಾಡಿದ್ದರೂ ಈ ಮಾತು ನನಗೆ ಹೊಳೆದಿರಲಿಲ್ಲ. ಟೀಚರು ಕಾಗದವನ್ನು ಹಿಡಿದು ಓರೆಯಾಗಿ ತಿರುಗಿಸಿದರು, ಅವ್ವನ ಕೈ ಸಾಲಿನಿಂದ ಇನ್ನಷ್ಟು ಕೆಳಗೆ ಬರುವ ಹಾಗೆ. ನುಣುಪು ಕಾಗದ ಬೇಡ, ಅದು ಶಾಯಿ ಕುಡಿಯುವುದಿಲ್ಲ ಎಂದರು. ತಮಗೂ ಒಂದು ಒಳ್ಳೆಯ ಪೆನ್ನು ಬೇಕಾಗಿದೆ, ಭಾನುವಾರ ಮೂವರೂ ಕೋಠಿ ಪೇಟೆಗೆ ಹೋಗೋಣ ಎಂದೂ ಅವರೇ ಹೇಳಿದರು.

ಮೆಟ್ರೋದಲ್ಲಿ ಅವ್ವನ ಪ್ಲಾಸ್ಟರ್ ನೋಡಿ ಯಾರೋ ಎದ್ದು ಸೀಟು ಕೊಟ್ಟರು. ಕೋಠಿಯ ಸ್ಟೇಷನರಿ ಅಂಗಡಿಯಲ್ಲಿ ಗಲ್ಲೆಯ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಪೆನ್ನುಗಳ ಡಬ್ಬಿಗಳನ್ನೂ ಗೀಚಿ ನೋಡಲು ಒಂದು ಪ್ಯಾಡನ್ನೂ ನಮ್ಮ ಮುಂದಿಟ್ಟಳು. ಟೀಚರು ಪ್ಯಾಡಿನ ಬಲತುದಿಯಿಂದ ಉರ್ದುವಿನಲ್ಲಿ, ಅವ್ವ ಎಡತುದಿಯಿಂದ ಕನ್ನಡದಲ್ಲಿ ಶುರು ಮಾಡಿದರು. ಅವ್ವ ಬರೆಯುತ್ತಿದ್ದದ್ದು ಅವೇ ಪದಗಳು: ಅಕ್ಕ, ಬೆಣ್ಣೆ, ರೊಟ್ಟಿ. ಬರೆದ ಕೂಡಲೇ ಇಬ್ಬರೂ ಅಂಗೈ ಅಂಚಿನಿಂದ ಒರೆಸುತ್ತಿದ್ದರು.

ಅಂಗಡಿಯವಳು ತೆಲುಗಿನಲ್ಲಿ ಕೇಳಿದಳು, "ಏಂದಮ್ಮಾ, ರಾಸಿ ಮಳ್ಳ ತುಡುಸ್ತುನ್ರು?" ಬರೆದು ಮತ್ತೆ ಒರೆಸುತ್ತೀರಲ್ಲ?

"ಒರೆಸಿದ್ರೂ ಹೋಗದಂಥಾದ್ದು ಬೇಕವ್ವ," ಎಂದು ಅವ್ವ ಕನ್ನಡದಲ್ಲೇ ಉತ್ತರ ಕೊಟ್ಟಳು. ಅವಳಿಗೆ ಅರ್ಥವಾಯಿತೋ ಏನೋ, ಇನ್ನೊಂದು ಡಬ್ಬಿ ತೆರೆದಳು.

ಜೆಲ್ ಪೆನ್ನುಗಳು ಮೊದಲೇ ಹೊರಬಿದ್ದವು. ಶಾಯಿ ಪೆನ್ನಿನ ನಿಬ್ಬು ತಳ್ಳುವ ಕೈಗೆ ಕಾಗದವನ್ನು ಕೊರೆಯಿತು. ಒಂದು ಚಂದದ ಪೆನ್ನಿಗೆ ಬೆರಳು ಕೂರಲೆಂದು ತಗ್ಗು ಮಾಡಿದ್ದರು. ಅದು ಬಲಗೈ ಬೆರಳಿಗೆ ಅಚ್ಚು ಹಾಕಿದ್ದು, ಅವ್ವನ ಹೆಬ್ಬೆರಳಿಗೆ ಅದರ ಏಣು ಚುಚ್ಚುತ್ತಿತ್ತು. "ಇದಕ್ಕೂ ಆ ಮಾಸ್ತರ ಬುದ್ಧೀನೇ ಐತಿ," ಎಂದು ಪಕ್ಕಕ್ಕಿಟ್ಟಳು. ಕೊನೆಗೆ ಸಿಕ್ಕಿದ್ದು ತೆಳು ಎಣ್ಣೆಶಾಯಿಯ ಒಂದು ಬಾಲ್ ಪೆನ್ನು. ಪೆನ್ನಿನ ಮೈ ಸ್ವಲ್ಪ ದಪ್ಪ, ಹಿಡಿಯುವ ಕಡೆ ಮೂರು ಮೂಲೆಯ ಮೆತ್ತನೆಯ ರಬ್ಬರು, ಯಾವ ಕೈಗೂ ಒಂದೇ. ಒತ್ತುವ ಅಗತ್ಯವೇ ಇಲ್ಲ, ಗೆರೆ ಸಣ್ಣ, ಬರೆದಂತೆಯೇ ಒಣಗುತ್ತದೆ. ಅವ್ವ "ಬೆಣ್ಣೆ" ಎಂದು ಬರೆದು ಒರೆಸಿದಳು. ಣಾವತ್ತು ಕದಲಲಿಲ್ಲ. ಟೀಚರು ತಮ್ಮ ಸಾಲಿನ ಮೇಲೆ ಕೈ ಎಳೆದು ಅಂಗೈ ತಿರುಗಿಸಿ ನೋಡಿದರು, ಚೊಕ್ಕವಾಗಿತ್ತು. ಇಬ್ಬರೂ ಅದೇ ಪೆನ್ನು ತೆಗೆದುಕೊಂಡರು. ನಾನೂ ಒಂದು ತೆಗೆದುಕೊಂಡೆ. ಇಷ್ಟು ವರ್ಷ ಒತ್ತಿ ಒತ್ತಿ ಬರೆದು ನಡುಬೆರಳಿಗೆ ಬಿದ್ದಿದ್ದ ಗಂಟು ಈಗ ಮೆತ್ತಗಾಗಿದೆ. ಪೆನ್ನು ಕೈಗೆ ನೋವು ಕೊಡುವುದು ಸಹಜ ಎಂದೇ ನಾನು ನಂಬಿದ್ದೆ.

ಮುಂದಿನ ಪತ್ರಕ್ಕೆ ದೊಡ್ಡವ್ವನ ಉತ್ತರದಲ್ಲಿ ಒಂದು ಸಾಲಿತ್ತು: "ಒತ್ತು ಎಲ್ಲಾ ಬಂದಾವ. ಸಾಲಿಗೆ ಹೋಗೂಕಿಂತ ಮೊದಲು ಅಂಗಳದ ಮಣ್ಣಾಗ ನೀ ಹಿಂಗೇ ಬರೀತಿದ್ದಿ." ಅವ್ವ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು.

ದಸರಾಕ್ಕೆ ಪ್ಲಾಸ್ಟರ್ ತೆಗೆದರು. ಬಲಗೈ ರೊಟ್ಟಿ ತಟ್ಟಲು ಹೋಯಿತು, ಬರೆಯುವ ಕೆಲಸಕ್ಕೆ ವಾಪಸು ಬರಲಿಲ್ಲ.

ಚಳಿಗಾಲದಲ್ಲಿ ದೊಡ್ಡವ್ವ ಬಂದಳು. ಅವಳಿಗೆ ಕೇಳಿಸದು, ಆದರೆ ಬಾಯಿ ಜೋರು. ಅವ್ವ ಕಾಗದದ ಮೇಲೆ ಬರೆಯುವುದು, ದೊಡ್ಡವ್ವ ಓದಿ ಬಾಯಲ್ಲಿ ಉತ್ತರ ಕೊಡುವುದು, ಹೀಗೆ ಅವರ ಮಾತು. ಮೊದಲು ಅವ್ವ ಬಲಬದಿಗೆ ಕೂತಳು. ದೊಡ್ಡವ್ವ ಕಾಗದಕ್ಕೆ ಕೈ ಚಾಚಿದಾಗಲೆಲ್ಲ ಮೊಳಕೈಗೆ ಮೊಳಕೈ ಬಡಿಯುತ್ತಿತ್ತು. "ಸರಿ ಆ ಕಡೆ!" ಎಂದು ದೊಡ್ಡವ್ವ ಅವಳನ್ನು ಎಬ್ಬಿಸಿ ಎಡಬದಿಗೆ ಕೂರಿಸಿದಳು. ಮೇಲಿನಿಂದ ಟೀಚರೂ ಬಂದು ಸೇರಿದರು. ಅವರು ದಖನಿಯಲ್ಲಿ ಹೇಳಿದ್ದನ್ನು ಅವ್ವ ಕನ್ನಡದಲ್ಲಿ ಬರೆದು ಅಕ್ಕನ ಮುಂದೆ ಸರಿಸುತ್ತಿದ್ದಳು.

ಟೀಚರದು ಮೆಲುದನಿ, ಅಡಿಗೆಮನೆಯಲ್ಲಿದ್ದ ನನಗೆ ಕೇಳಿಸುತ್ತಿದ್ದದ್ದು ದೊಡ್ಡವ್ವನ ಪಾಲು ಮಾತ್ರ.

"ಅಯ್ಯ, ಖರೇನೇ?"

ಅವ್ವ ಬರೆಯುವಷ್ಟು ಹೊತ್ತು ಬಿಡುವು.

"ಆಕಿ ಏನಂದಳು ಮತ್ತ?"

ಹಾಳೆ ಸರಿಸಿದ ಸದ್ದು. ಆಮೇಲೆ ಮೂವರದೂ ನಗು.

ನಾನು ಚಹಾ ಕೊಟ್ಟು ಸಂಜೆಯ ಕ್ಲಾಸಿಗೆ ಹೋದೆ. ವಾಪಸು ಬಂದಾಗ ಟೇಬಲ್ಲಿನ ತುಂಬ ಬರೆದ ಹಾಳೆಗಳು ಹರಡಿದ್ದವು. ಮೂವರೂ ಕಿಟಕಿಯ ಮಬ್ಬು ಬೆಳಕಿಗೆ ತಲೆ ಬಗ್ಗಿಸಿಕೊಂಡು ಕೂತಿದ್ದರು. ಯಾರೂ ದೀಪ ಹಾಕಿರಲಿಲ್ಲ. ನಾನು ಸ್ವಿಚ್ಚು ಒತ್ತಿದೆ. ಅವ್ವ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, "ಬಂದೀ? ಕೂಡು ಬಾ," ಎಂದು ಪಕ್ಕದ ಕುರ್ಚಿಯ ಮೇಲಿನ ಹಾಳೆಗಳನ್ನು ತೆಗೆದಳು.