ಕೋ-ಪೈಲಟ್ ಇಳಿಸಬಾರದ ಊರು

ಈ ದೇಶದ ಎಷ್ಟೋ ಊರುಗಳಲ್ಲಿ ನಾನು ಕೈಯಾರೆ ವಿಮಾನ ಇಳಿಸಿದ್ದೇನೆ. ಅವುಗಳಲ್ಲಿ ಅರ್ಧಕ್ಕರ್ಧ ಊರುಗಳ ಹೆಸರನ್ನು ನಮ್ಮ ಮನೆಯವರು ಕೇಳಿಯೂ ಇಲ್ಲ. ಇಳಿಸದೆ ಉಳಿದಿರುವುದು ಒಂದೇ ಒಂದು, ನಾನು ಹುಟ್ಟಿ ಬೆಳೆದ ಊರು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ, ಎರಡೂ ತುದಿ ದಾಟಿದರೆ ಕಣಿವೆ. ಹಾಗಾಗಿ ಅಲ್ಲಿ ವಿಮಾನ ಏರಿಸುವುದೂ ಇಳಿಸುವುದೂ ಎಡಗಡೆಯ ಸೀಟಿನಲ್ಲಿ ಕೂತ ಕ್ಯಾಪ್ಟನ್ನರ ಕೆಲಸ. ಬಲಗಡೆ ಕೂತ ಕೋ-ಪೈಲಟ್ ಆ ಹೊತ್ತಿನಲ್ಲಿ ಕೈ ಹಾಕುವ ಹಾಗಿಲ್ಲ. ಒಮ್ಮೆ ಅಲ್ಲಿ ವಿಮಾನ ಕಣಿವೆಗೆ ಬಿದ್ದದ್ದನ್ನು ಕಂಡ ಮಂಗಳೂರಿನವರಿಗೆ ಯಾಕೆ ಎಂದು ಯಾರೂ ವಿವರಿಸಬೇಕಾಗಿಲ್ಲ. ನಿಯಮ ಸರಿಯಾಗಿಯೇ ಉಂಟು. ಸರಿ ಇದ್ದ ಮಾತ್ರಕ್ಕೆ ಹೊಟ್ಟೆ ಉರಿಯಬಾರದು ಎಂದೇನೂ ಇಲ್ಲವಲ್ಲ.

ನಮ್ಮ ಮನೆ ಉಳ್ಳಾಲದಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಅಪ್ಪ ಮೀನಿನ ಬೋಟಿನ ತಂಡೇಲರಾಗಿದ್ದರು. ತಂಡೇಲ ಅಂದರೆ ಬೋಟು ನಡೆಸುವ ಮುಖ್ಯಸ್ಥ. ಬಲೆ ಎಲ್ಲಿ ಹಾಕಬೇಕು, ಯಾವಾಗ ದಡಕ್ಕೆ ತಿರುಗಬೇಕು ಎಂದು ಹೇಳುವವರು ಅವರೇ, ಉಳಿದ ಕಲಾಸಿಗಳು ಕೇಳುವವರು. ನಾನು ಪೈಲಟ್ ತರಬೇತಿಯಲ್ಲಿದ್ದಾಗ ಅಪ್ಪ ಕಾಯಿಲೆಯಿಂದ ತೀರಿಕೊಂಡರು. ಅಣ್ಣ ಕಡಲಿಗೆ ಹೋಗಲಿಲ್ಲ, ರಿಕ್ಷಾ ಓಡಿಸುತ್ತಾನೆ. ಅಮ್ಮ ಇವತ್ತಿಗೂ ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಮಗಳು ವಿಮಾನ ಓಡಿಸುವಾಗ ನಿನಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, "ಅವಳ ಕೆಲಸ ಅವಳಿಗೆ, ನನ್ನದು ನನಗೆ. ಬಂಗುಡೆ ಬೇಕಾ ಬೇಡವಾ, ಅದು ಹೇಳು" ಎನ್ನುತ್ತಾಳೆ. ಅವಳ ಮಾತೆಲ್ಲ ತುಳು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದ್ದರೆ ತಪ್ಪು ನನ್ನದು.

ಪೈಲಟ್ ಆಗಲು ಎಷ್ಟು ಖರ್ಚಾಯಿತು ಎನ್ನುವ ಕಥೆ ಬೇಡ, ಮದುವೆ ಮನೆಗಳಲ್ಲಿ ಅದನ್ನೇ ಕೇಳಿ ಕೇಳಿ ಸಾಕಾಗಿದೆ. ನನಗೆ ಮೊದಲು ಸಿಕ್ಕಿದ್ದು ಎರಡು ಫ್ಯಾನುಗಳ ಸಣ್ಣ ವಿಮಾನದಲ್ಲಿ ಕೋ-ಪೈಲಟ್ ಕೆಲಸ. ಇರಬೇಕಾದದ್ದು ಹೈದರಾಬಾದಿನಲ್ಲಿ. ಮಂಗಳೂರಿನಲ್ಲಿ ನಮ್ಮ ಕಂಪನಿಯ ಪೈಲಟ್‌ಗಳಿಗೆ ಠಿಕಾಣಿ ಇರಲಿಲ್ಲ, ಈಗಲೂ ಇಲ್ಲ. ಕೋಳಿ ಕೂಗುವ ಮೊದಲು ಎದ್ದು ಯೂನಿಫಾರ್ಮ್ ಹಾಕಬೇಕು, ಕುಡಿದಿಲ್ಲ ಎಂದು ಮೆಷಿನ್‌ಗೆ ಊದಿ ತೋರಿಸಬೇಕು, ಆಮೇಲೆ ದಿನಕ್ಕೆ ನಾಲ್ಕು ಸಲ ಏರಿ ನಾಲ್ಕು ಸಲ ಇಳಿಯಬೇಕು. ಊಟ ಡಬ್ಬಿಯಲ್ಲಿ ಬರುತ್ತದೆ, ಬಾಯಿಗಿಡುವ ಹೊತ್ತಿಗೆ ಅದು ಊಟವೋ ತಿಂಡಿಯೋ ಎಂದು ಹೇಳುವುದು ಕಷ್ಟ. ನಾಲ್ಕರಲ್ಲಿ ಒಂದು ಊರು ಮಂಗಳೂರಾಗಿದ್ದ ದಿನ ಮಾತ್ರ ನಾನು ಅಲಾರಂಗಿಂತ ಮೊದಲೇ ಎದ್ದುಬಿಡುತ್ತಿದ್ದೆ.

ಗಾಳಿ ಅನುಕೂಲವಿದ್ದು ಕಡಲಿನ ಕಡೆಯಿಂದ ಇಳಿಯುವಾಗ ನನ್ನ ಬದಿಯ ಕಿಟಕಿಗೆ ಇಡೀ ಊರು ಬರುತ್ತದೆ. ಅಳಿವೆ ಬಾಗಿಲು, ನೇತ್ರಾವತಿಯ ಸೇತುವೆ, ಅದರಾಚೆ ತೆಂಗಿನ ಮರಗಳು. ಆ ಮರಗಳ ಕೆಳಗೆ ನಮ್ಮ ಹಂಚಿನ ಮಾಡು. ನೋಡುತ್ತ ಕೂರುವ ಹಾಗಿಲ್ಲ, ಕ್ಯಾಪ್ಟನ್ನರಿಗೆ ಎತ್ತರ, ವೇಗ ಹೇಳುತ್ತಿರಬೇಕು. ಕೆಳಗೆ ಬಂದ ಮೇಲೆ ಅರ್ಧ ಗಂಟೆ. ಹಳೇ ಪ್ರಯಾಣಿಕರು ಇಳಿದು ಹೊಸಬರು ಹತ್ತಿ ಬಾಗಿಲು ಮುಚ್ಚುವಷ್ಟರಲ್ಲಿ ಅದು ಮುಗಿಯುತ್ತದೆ. ಊರಿಗೆ ಬಂದವಳು ನೀರಿಗೆ ಬರುವುದಿಲ್ಲವೇ ಎನ್ನುತ್ತಾರೆ. ನಾನು ಊರಿಗೆ ಬಂದರೂ ಗೇಟಿನ ತನಕವೂ ಹೋಗುತ್ತಿರಲಿಲ್ಲ.

ಒಂದು ಸಲ ಕ್ಯಾಪ್ಟನ್ನರು, ನಿನ್ನ ಊರಲ್ಲವಾ, ಇವತ್ತು ಅನೌನ್ಸ್‌ಮೆಂಟ್ ನೀನೇ ಮಾಡು ಎಂದು ಬಿಟ್ಟುಕೊಟ್ಟರು. ಇಂಗ್ಲಿಷ್, ಹಿಂದಿ ಮುಗಿಸಿ ಕೊನೆಗೆ ತುಳುವಿನಲ್ಲಿ ಎರಡು ಮಾತು ಹೇಳಿದೆ. ಆ ವಿಮಾನದಲ್ಲಿ ಬಂದ ಅಮ್ಮನ ಗಿರಾಕಿಯೊಬ್ಬರು ಮರುದಿನ ಮೀನಿಗೆ ಹೋದಾಗ ಅವಳಿಗೆ ವರದಿ ಮಾಡಿದರು. ಅಮ್ಮ ಖುಷಿಯಲ್ಲಿ ಅವರಿಗೆ ನಾಲ್ಕು ಬೂತಾಯಿ ಹೆಚ್ಚು ಹಾಕಿ, ಮಗಳೇ ವಿಮಾನ ಇಳಿಸಿದಳು ಎಂದು ಇಡೀ ಮಾರ್ಕೆಟಿಗೆ ಹೇಳಿಬಿಟ್ಟಳು. ಸಂಜೆ ಫೋನಿನಲ್ಲಿ ನಾನು ಅದನ್ನು ತಿದ್ದಿದೆ. ಬಜ್ಪೆಯಲ್ಲಿ ಇಳಿಸುವುದು ಕ್ಯಾಪ್ಟನ್, ನಾನಲ್ಲ ಎಂದೆ. ಬೇಸರ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

"ಅದರಲ್ಲಿ ಎಂತ ಉಂಟು," ಎಂದಳು. "ಅಳಿವೆ ದಾಟುವಾಗ ನಿನ್ನ ಅಪ್ಪ ಚುಕ್ಕಾಣಿ ಬೇರೆಯವರ ಕೈಗೆ ಕೊಡ್ತಿದ್ದರಾ? ಹೊರಗೆ ಕಡಲಿನಲ್ಲಿ ಯಾರು ಬೇಕಾದರೂ ಹಿಡಿಯಬಹುದು. ಅಳಿವೆಯಲ್ಲಿ ತಂಡೇಲನೇ ಹಿಡಿಯಬೇಕು."

ನದಿ ಕಡಲಿಗೆ ಸೇರುವ ಆ ಬಾಯಲ್ಲಿ ಅಲೆ ಒಡೆಯುತ್ತದೆ, ಬೋಟು ಮಗುಚುವುದು ಅಲ್ಲೇ. ನನ್ನ ಕೆಲಸದ ನಿಯಮವನ್ನು ಇಷ್ಟು ಸುಲಭವಾಗಿ ಒಪ್ಪಿಕೊಂಡವರು ಬೇರೆ ಯಾರೂ ಇಲ್ಲ. ಹಾಗಾದರೆ ಒಮ್ಮೆ ನನ್ನ ವಿಮಾನದಲ್ಲಿ ಬಾ ಎಂದೆ. ಅಮ್ಮ ಅಲ್ಲಿಯವರೆಗೆ ವಿಮಾನ ಹತ್ತಿರಲಿಲ್ಲ. "ನೀನು ತಂಡೇಲ ಆಗು, ಮತ್ತೆ ಬರ್ತೇನೆ" ಎಂದಳು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅಮ್ಮನನ್ನು ಕೂರಿಸಿಕೊಂಡು ನನ್ನ ಕೈಯಾರೆ ಬಜ್ಪೆಯಲ್ಲಿ ಇಳಿಸಬೇಕು. ಬೇರೆ ಆಸೆಗಳೂ ಇದ್ದವು, ಮನೆ ಕಟ್ಟಿಸಬೇಕು, ಒಂದು ದೀಪಾವಳಿಗಾದರೂ ರಜೆ ಸಿಗಬೇಕು ಎಂಬಂಥವು. ಅವು ಬರುತ್ತಿದ್ದವು, ಹೋಗುತ್ತಿದ್ದವು. ಇದು ಮಾತ್ರ ಹೋಗಲಿಲ್ಲ.

ಕ್ಯಾಪ್ಟನ್ ಆಗುವುದು ಅಂದರೆ ಮುಖ್ಯವಾಗಿ ಕಾಯುವುದು. ಹಾರಾಟದ ಗಂಟೆಗಳು ತುಂಬಬೇಕು, ಪರೀಕ್ಷೆಗಳು ಮುಗಿಯಬೇಕು, ಅದೆಲ್ಲ ಆದ ಮೇಲೆ ಕಂಪನಿಗೆ ಕ್ಯಾಪ್ಟನ್ ಬೇಕಾಗಬೇಕು. ನನ್ನ ಗಂಟೆಗಳು ತುಂಬುವ ಹೊತ್ತಿಗೆ ಕೊರೊನಾ ಬಂತು. ವಿಮಾನಗಳೆಲ್ಲ ಕೊಡೆ ಮುಚ್ಚಿದ ಹಾಗೆ ನಿಂತವು. ನಾನು ಉಳ್ಳಾಲಕ್ಕೆ ಬಂದು ತಿಂಗಳುಗಟ್ಟಲೆ ಕೂತೆ. ಹೇಳಲು ಸಂಕೋಚವಾಗುತ್ತದೆ, ಆದರೆ ಅಷ್ಟು ದಿನ ಮನೆಯಲ್ಲಿ ಊಟ ಮಾಡಿದ್ದು ಆಮೇಲೆ ಎಂದೂ ಇಲ್ಲ. ಮತ್ತೆ ಹಾರಾಟ ಶುರುವಾದಾಗ ಹಿರಿತನದ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮಲ್ಲಿ ಪೂಜಾರಿಯ ಹೆಸರು ರೋಸ್ಟರ್. ಯಾವ ದಿನ ಯಾರು ಎಲ್ಲಿಗೆ ಹಾರಬೇಕು ಎಂದು ಕಂಪ್ಯೂಟರಿನಿಂದ ಹೊರಡುವ ಅಪ್ಪಣೆ ಅದು.

ಕೊನೆಗೂ ನನ್ನ ಸರದಿ ಬಂತು. ಭುಜಕ್ಕೆ ನಾಲ್ಕನೇ ಪಟ್ಟಿ ಬಂತು, ಎಡಗಡೆಯ ಸೀಟೂ ಬಂತು. ಆದರೆ ಅಷ್ಟರೊಳಗೆ ಕಂಪನಿ ಮಂಗಳೂರಿಗೆ ಫ್ಯಾನಿನ ವಿಮಾನ ಕಳಿಸುವುದನ್ನು ನಿಲ್ಲಿಸಿ ದೊಡ್ಡ ಜೆಟ್ ವಿಮಾನಗಳನ್ನು ಬಿಟ್ಟಿತ್ತು. ಫ್ಯಾನಿನ ವಿಮಾನದ ಹೊಸ ಕ್ಯಾಪ್ಟನ್ನಾದ ನನ್ನನ್ನು ಗುವಾಹಟಿಗೆ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಲ್ಲಿಂದ ಮನೆಗೆ ಬರಬೇಕಾದರೆ ಎರಡು ವಿಮಾನ ಹತ್ತಬೇಕು, ರಜೆಯ ಅರ್ಧ ದಾರಿಯಲ್ಲೇ ಮುಗಿಯುತ್ತದೆ. ಬ್ರಹ್ಮಪುತ್ರದ ಮೇಲೆ ಬೆಳಗಿನ ಬಿಸಿಲು ಬೀಳುವುದು ಚಂದವೇ. ನನಗೆ ನೇತ್ರಾವತಿ ಬೇಕಿತ್ತು. ಅಷ್ಟಗಲದ ನದಿಯನ್ನು ನೋಡಿ ನಾನು ಸಿಟ್ಟು ಮಾಡಿಕೊಂಡ ದಿನಗಳೂ ಉಂಟು.

ಉಳಿದದ್ದು ಒಂದೇ ದಾರಿ. ಜೆಟ್‌ಗೆ ಹೋಗಬಹುದು, ಆದರೆ ನಮ್ಮ ಕಂಪನಿಯಲ್ಲಿ ಹಾಗೆ ಹೋದವರು ಪುನಃ ಕೋ-ಪೈಲಟ್ ಆಗಿ ಕೂರಬೇಕು. ನಾಲ್ಕು ಪಟ್ಟಿ ಕಳಚಿ ಮೂರು ಹಾಕಿಕೊಳ್ಳಬೇಕು, ಕಾಯುವುದನ್ನು ಮೊದಲಿನಿಂದ ಶುರು ಮಾಡಬೇಕು. ಅತ್ತ ದರಿ, ಇತ್ತ ಪುಲಿ. ಕ್ಯಾಪ್ಟನ್ ಆಗಿಯೇ ಇದ್ದರೆ ಮಂಗಳೂರಿಗೆ ಬರುವಂತಿಲ್ಲ, ಮಂಗಳೂರಿಗೆ ಬಂದರೆ ಕ್ಯಾಪ್ಟನ್ ಅಲ್ಲ. ಜೊತೆಯವರು ಹುಚ್ಚು ಎಂದರು. ನಾನು ಜೆಟ್‌ಗೆ ಹೋದೆ.

ಮಾರ್ಕೆಟಿನಲ್ಲಿ ಇದು ದೊಡ್ಡ ತಮಾಷೆಯಾಯಿತಂತೆ. ತಂಡೇಲ ಆದವಳು ತಿರುಗಿ ಕಲಾಸಿ ಆದಳಾ ಎಂದು ಅಕ್ಕಪಕ್ಕದವರು ಕೇಳಿದರಂತೆ. ಅಮ್ಮ ಅವರಿಗೆ ಏನು ಉತ್ತರ ಕೊಟ್ಟಳೋ ಹೇಳಲಿಲ್ಲ. ನನಗೆ ಮಾತ್ರ, "ದೊಡ್ಡ ಬೋಟಿಗೆ ಹೋಗುವಾಗ ಹಾಗೆಯೇ. ಇನ್ನು ಎಷ್ಟು ವರ್ಷ?" ಎಂದಳು. ಗೊತ್ತಿಲ್ಲ ಎಂದೆ. ಅವಳ ಮೊಣಕಾಲು ಆಗಲೇ ಕೈಕೊಡಲು ಶುರುವಾಗಿತ್ತು. ಮೀನಿನ ಬುಟ್ಟಿಯ ಮುಂದೆ ಕೂರುವಾಗ ಒಂದು ಕೈಯನ್ನು ನೆಲಕ್ಕೆ ಊರುತ್ತಿದ್ದಳು.

ಈಗ ನನ್ನ ಠಿಕಾಣಿ ಮುಂಬೈ. ಕಳೆದ ಚಳಿಗಾಲದಲ್ಲಿ ಅಲ್ಲಿ ನೆಂಟರ ಮದುವೆಗೆಂದು ಅಮ್ಮ ನಾಲ್ಕು ಜನರ ಜೊತೆ ರೈಲಿನಲ್ಲಿ ಬಂದಿದ್ದಳು. ನನಗೆ ಮದುವೆಗೆ ಹೋಗಲು ರಜೆ ಸಿಗಲಿಲ್ಲ, ಒಂದು ಸಂಜೆ ಹೋಗಿ ಅಮ್ಮನನ್ನು ನೋಡಿಕೊಂಡು ಬಂದೆ. ಅವಳೂ ಅವರ ಜೊತೆಗೇ ರೈಲಿನಲ್ಲಿ ವಾಪಸ್ ಹೋಗುತ್ತಾಳೆ ಎಂದೇ ತಿಳಿದಿದ್ದೆ.

ಮೂರು ದಿನ ಬಿಟ್ಟು ನನಗೆ ಮಂಗಳೂರಿನ ಹಾರಾಟವಿತ್ತು. ಹೊರಡುವ ಮೊದಲು ವಿಮಾನದ ಸುತ್ತ ನಡೆದು ಚಕ್ರ, ಎಂಜಿನ್ ನೋಡುವುದು ಕೋ-ಪೈಲಟ್‌ನ ಕೆಲಸ. ಹಳದಿ ಜಾಕೆಟ್ ಹಾಕಿಕೊಂಡು ಚಕ್ರದ ಹತ್ತಿರ ಬಗ್ಗಿದ್ದೆ. ಪ್ರಯಾಣಿಕರ ಬಸ್ಸು ಬಂದು ನಿಂತಿತು. ಇಳಿದವರಲ್ಲಿ ಒಬ್ಬಳು ಮೆಟ್ಟಿಲಿನ ಸಾಲು ಬಿಟ್ಟು ನನ್ನನ್ನೇ ನೋಡುತ್ತ ನಿಂತಿದ್ದಳು. ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಲಾಡಿನ ಡಬ್ಬಿ, ತಲೆಯಲ್ಲಿ ಮಲ್ಲಿಗೆ.

"ಎಂತ ಮಗಾ, ಟಯರ್ ನೋಡುವುದೂ ನೀನೆಯಾ?" ಎಂದಳು.

ಟಿಕೆಟ್ ಮಾಡಿಸಿದ್ದು ಅಣ್ಣ. ನನ್ನ ರೋಸ್ಟರನ್ನು ಪ್ರತಿ ತಿಂಗಳೂ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತೇನೆ, ಅದನ್ನು ನೋಡಿ ಮಾಡಿಸಿದ್ದಾನೆ. ನನಗೆ ಹೇಳಬಾರದೆಂದು ಅಮ್ಮನ ಕಟ್ಟಪ್ಪಣೆ. ನಾನು ತಂಡೇಲ ಆಗುವ ಮೊದಲೇ ಬಂದೆಯಲ್ಲ ಎಂದೆ. "ನನಗೆ ಕೆಲಸ ಉಂಟು, ಅದಕ್ಕೆ ಬಂದೆ" ಎಂದು ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ವಿಮಾನದೊಳಗೆ ಅವಳಿಗೆ ಎಂತ ಕೆಲಸ ಎಂದು ನನಗೆ ಹೊಳೆಯಲಿಲ್ಲ.

ಅವತ್ತು ಕಡಲಿನ ಕಡೆಯಿಂದಲೇ ಇಳಿದೆವು. ನಾಗ್ಪುರದ ಕಡೆಯ ಹಿರಿಯ ಕ್ಯಾಪ್ಟನ್ನರು, ಒಳ್ಳೆಯ ಕೈ. ನಾನು ಎತ್ತರ ಹೇಳುತ್ತಿದ್ದೆ, ಅವರು ಇಳಿಸುತ್ತಿದ್ದರು. ಹಿಂದೆ ಎಲ್ಲೋ ಒಂದು ಸೀಟಿನಲ್ಲಿ ಅಮ್ಮ ಕೂತಿದ್ದಾಳೆ, ನನ್ನ ಕೈ ತೊಡೆಯ ಮೇಲಿದೆ. ಎಷ್ಟು ವರ್ಷ ಕನಸು ಕಂಡ ಇಳಿಯುವಿಕೆ ಇದು, ಇನ್ನೊಬ್ಬರ ಕೈಯಲ್ಲಿ ಆಗಿಹೋಯಿತು. ಚಕ್ರ ನೆಲ ಮುಟ್ಟಿದ್ದೇ ತಿಳಿಯಲಿಲ್ಲ. ಅಷ್ಟು ನಯವಾಗಿ ಇಳಿಸಿದ್ದಕ್ಕೂ ನನಗೆ ಅವರ ಮೇಲೆ ಸಿಟ್ಟು ಬಂತು.

ಎಲ್ಲರೂ ಇಳಿದ ಮೇಲೆ ಅಮ್ಮ ನಮ್ಮ ಕಾಕ್‌ಪಿಟ್ಟಿನ ಬಾಗಿಲಿಗೆ ಬಂದಳು. ನನ್ನನ್ನು ನೋಡಲಿಲ್ಲ. ನೇರವಾಗಿ ಕ್ಯಾಪ್ಟನ್ನರ ಮುಂದೆ ಲಾಡಿನ ಡಬ್ಬಿ ಹಿಡಿದು, ಮಾರ್ಕೆಟಿನಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು: "ತಂಡೇಲರು ನೀವಲ್ವಾ? ಇವಳನ್ನು ಇವತ್ತು ಒಂದು ದಿನ ಬಿಡಿ ಮಾರ್ರೆ. ಮನೆಗೆ ಕರಕೊಂಡು ಹೋಗ್ತೇನೆ. ನಾಳೆ ಬೆಳಿಗ್ಗೆ ನನ್ನ ಮಗ ರಿಕ್ಷಾದಲ್ಲಿ ತಂದು ಬಿಡ್ತಾನೆ."

ಅಮ್ಮನ ಕೆಲಸ ಇದಾಗಿತ್ತು. ದಡಕ್ಕೆ ಬಂದ ಬೋಟು ಅರ್ಧ ಗಂಟೆಯಲ್ಲಿ ತಿರುಗಿ ಕಡಲಿಗೆ ಹೋಗುವುದನ್ನು ಅವಳು ಕಂಡವಳಲ್ಲ. ಅಳಿವೆ ದಾಟಿ ಬಂದವರು ಮನೆಗೆ ಬರುತ್ತಾರೆ, ಯಾರು ಯಾವಾಗ ಹೋಗಬೇಕೆಂದು ತಂಡೇಲ ಹೇಳುತ್ತಾನೆ. ಮಗಳು ಮಂಗಳೂರಿಗೆ ಬಂದೂ ಮನೆಗೆ ಬರುವುದಿಲ್ಲವೆಂದರೆ ತಂಡೇಲ ಬಿಡುತ್ತಿಲ್ಲ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು. ನಾನೇ ತಂಡೇಲ ಆದರೆ ಯಾರನ್ನೂ ಕೇಳಬೇಕಾಗಿಲ್ಲ. ಅದು ತಡವಾಗುತ್ತದೆ ಎಂದು ಗೊತ್ತಾದ ಮೇಲೆ, ಇರುವವರನ್ನೇ ಕೇಳೋಣ ಎಂದು ಹೊರಟು ಬಂದಿದ್ದಳು.

ಕ್ಯಾಪ್ಟನ್ನರಿಗೆ ಭಾಷೆ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಹಿಂದಿಯಲ್ಲಿ ಹೇಳಿದೆ. ಅವರು ಸೀಟಿನಿಂದ ಎದ್ದು ಅಮ್ಮನಿಗೆ ಕೈಮುಗಿದರು. ಅದು ನನ್ನ ಕೈಯಲ್ಲಿ ಇಲ್ಲ ಎಂದು ಅಮ್ಮನಿಗೆ ಹೇಳು, ಇವತ್ತು ನನ್ನ ಮನೆಯಲ್ಲಿ ಮೊಮ್ಮಗನ ನಾಮಕರಣ, ನಾನು ಇಲ್ಲಿದ್ದೇನೆ ಎಂದರು. ಅದನ್ನೂ ತುಳುವಿಗೆ ತಂದೆ. ಅಮ್ಮ ಅವರ ಭುಜದ ನಾಲ್ಕು ಪಟ್ಟಿಗಳನ್ನೇ ನೋಡಿದಳು.

"ಇವರ ಕೈಯಲ್ಲೂ ಇಲ್ಲವಾ?"

"ಇಲ್ಲಮ್ಮ."

"ಮತ್ತೆ ನೀನು ಕಾದು ಕೂತದ್ದು ಎಂತಕ್ಕೆ?"

"ನಿನ್ನನ್ನು ನನ್ನ ಕೈಯಾರೆ ಇಲ್ಲಿ ಇಳಿಸಬೇಕು ಅಂತ."

ಅಮ್ಮನಿಗೆ ಸಿಟ್ಟು ಬಂದಿದ್ದರೆ ನನಗೆ ಅಭ್ಯಾಸ ಉಂಟು. ಸಿಟ್ಟು ಬರಲಿಲ್ಲ. ಡಬ್ಬಿಯನ್ನು ಕ್ಯಾಪ್ಟನ್ನರ ಕೈಗೇ ಕೊಟ್ಟು, ಸೆರಗಿನಿಂದ ನನ್ನ ಹಣೆ ಒರೆಸಿದಳು.

"ನನ್ನನ್ನು ಯಾರು ಇಳಿಸಿದರೂ ಆಗ್ತದೆ ಮಗಾ," ಎಂದಳು. "ಮನೆಗೆ ಹೋಗುವಾಗ ನೀನು ಜೊತೆಯಲ್ಲಿ ಬೇಕಿತ್ತು."

ಹೊಸ ಪ್ರಯಾಣಿಕರನ್ನು ಹತ್ತಿಸುವ ಹೊತ್ತಾಗಿತ್ತು. ಅಮ್ಮ ಏರೋಬ್ರಿಜ್ಜಿನ ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಹೋದಳು. ನಾನು ಸೀಟಿಗೆ ಬಂದು ವಾಪಸ್ ಹೋಗುವ ದಾರಿಯನ್ನು ಕಂಪ್ಯೂಟರಿಗೆ ಹಾಕಿದೆ. ಕ್ಯಾಪ್ಟನ್ನರು ಅರ್ಧ ಲಾಡು ಮುರಿದು ನನಗೆ ಕೊಟ್ಟರು, ಇಬ್ಬರೂ ತಿಂದೆವು. ಅಮ್ಮನನ್ನು ಮನೆಗೆ ಕರೆದೊಯ್ಯುತ್ತಿದ್ದ ಅಣ್ಣನ ರಿಕ್ಷಾ ನಂತೂರು ದಾಟುವಷ್ಟರಲ್ಲಿ ನಾವು ಕಡಲಿನ ಮೇಲಿದ್ದೆವು. ಎಡಗಡೆಯ ಸೀಟಿನ ಸಾಲಿನಲ್ಲಿ ನಾನು ಈಗಲೂ ನಿಂತಿದ್ದೇನೆ, ಸರದಿ ಬರುತ್ತದೆ. ಆದರೆ ಅವತ್ತು ನನಗೆ ಬೇಕಿದ್ದದ್ದು ಆ ರಿಕ್ಷಾದಲ್ಲಿ ಅಮ್ಮನ ಪಕ್ಕದ ಜಾಗ.